ಸೂರಕ್ಕಿಗೆ ಬೆಲ್ಲದ ನೀರು

ನಮ್ಮ ಬಾಲ್ಕನಿ ಏಳು ಅಡಿ ಉದ್ದ, ಮೂರು ಅಡಿ ಎರಡು ಇಂಚು ಅಗಲವಿತ್ತು. ಅಪ್ಪನ ಟೇಪು ಹಿಡಿದು ಅಳೆದವಳು ನಾನೇ. ನನ್ನ ಮೊದಲ ನೋಟ್‌ಬುಕ್ಕಿನ ಮೊದಲ ಸಾಲು ಅದು. ಆಗ ನನಗೆ ಒಂಬತ್ತು ವರ್ಷ, ಈಗ ಇಪ್ಪತ್ಮೂರು. ನಡುವೆ ತುಂಬಿದ ನೋಟ್‌ಬುಕ್ಕುಗಳು ಮೂವತ್ತೊಂದು. ಅವುಗಳಲ್ಲಿ ಮೊದಲನೆಯದನ್ನು ಮಾತ್ರ ನಾನು ಮತ್ತೆ ಮತ್ತೆ ತೆಗೆದು ನೋಡುತ್ತೇನೆ, ಯಾಕೆಂದರೆ ಅದರಲ್ಲಿ ಸುಳ್ಳು ಅಂಕಿಗಳಿವೆ. ಕೊಲ್ಲಿ ದೇಶದಲ್ಲಿ, ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯ ಎರಡನೇ ಮಹಡಿಯ ಆ ಮನೆಯಲ್ಲಿ ಒಂದು ಮಲಗುವ ಕೋಣೆ, ಒಂದು ಹಾಲ್, ಇಬ್ಬರು ನಿಂತರೆ ಮೂರನೆಯವರು ಹೊರಗೆ ಹೋಗಬೇಕಾದ ಅಡುಗೆಮನೆ ಇದ್ದವು. ನಾನು ಮಲಗುತ್ತಿದ್ದದ್ದು ಹಾಲಿನ ಸೋಫಾದ ಮೇಲೆ. ಬಾಲ್ಕನಿಯ ಮೂರನೇ ಒಂದು ಭಾಗವನ್ನು ಏಸಿಯ ಪೆಟ್ಟಿಗೆ ತಿಂದುಕೊಂಡಿತ್ತು. ಉಳಿದ ಜಾಗದಲ್ಲಿ ಬಟ್ಟೆ ಒಣಹಾಕುವ ತಂತಿ, ಎರಡು ದಾಸವಾಳದ ಕುಂಡ, ಒಂದು ಲೋಳೆಸರದ ಕುಂಡ. ಕುಂಡಗಳನ್ನು ಅಪ್ಪ ನಾವು ಬರುವ ಒಂದು ವಾರ ಮೊದಲು ನರ್ಸರಿಯಿಂದ ತಂದಿಟ್ಟಿದ್ದ. ಹೆಂಡತಿ ಮಗಳನ್ನು ಬರಮಾಡಿಕೊಳ್ಳಲು ಅವನಿಗೆ ತೋಚಿದ್ದು ಅಷ್ಟೇ.

ಅಪ್ಪ ಅದಕ್ಕೂ ಮುಂಚೆ ಜೆಬೆಲ್ ಅಲಿಯ ಕಂಪನಿ ಕ್ಯಾಂಪಿನಲ್ಲಿ ಆರು ಜನರ ಕೋಣೆಯಲ್ಲಿ ಹಲವು ವರ್ಷ ಇದ್ದ. ಗೋದಾಮಿನಲ್ಲಿ ಮಾಲು ಎಣಿಸುವುದು ಅವನ ಕೆಲಸ. ಬಡ್ತಿ ಸಿಕ್ಕಿ ಫ್ಯಾಮಿಲಿ ವೀಸಾ ಆದಮೇಲೆ ನಾವು ಗದಗಿನಿಂದ ಬಂದೆವು. ಅಲ್ಲಿಯವರೆಗೆ ನನಗೆ ಅಪ್ಪ ಎಂದರೆ ವರ್ಷಕ್ಕೆ ಮೂವತ್ತು ದಿನ. ಬಂದ ಮೊದಲ ವಾರ ಅವನು ಕೆಲಸ ಮುಗಿಸಿ ಬಾಗಿಲು ತೆರೆದು ಒಳಗೆ ಬಂದಾಗ ನಾನು ಎದ್ದು ನಿಂತು, 'ಬರ್ರಿ, ಕುಂದರ್ರಿ' ಅನ್ನುತ್ತಿದ್ದೆ. ಅವ್ವ ಅಡುಗೆಮನೆಯಿಂದ, 'ಅಂವ ಬೀಗರಲ್ಲ, ನಿಮ್ಮಪ್ಪ' ಎಂದು ನಗುತ್ತಿದ್ದಳು. ಅವನಿಗೂ ನನ್ನ ಜೊತೆ ಏನು ಮಾತಾಡಬೇಕೆಂದು ಗೊತ್ತಿರಲಿಲ್ಲ. ಹಾಗಾಗಿ ಗೋದಾಮಿನ ಹಳೆಯ ಎಣಿಕೆ ಹಾಳೆಗಳನ್ನು ತಂದು, ಅವುಗಳ ಖಾಲಿ ಬೆನ್ನನ್ನು ತೋರಿಸಿ, ಸ್ಕೇಲಿನಿಂದ ಗೆರೆ ಎಳೆಯುವುದನ್ನು ಕಲಿಸಿದ. ತಾರೀಖು, ವೇಳೆ, ಏನು, ಎಷ್ಟು, ಷರಾ. ಆ ಹಾಳೆಗಳನ್ನು ದಬ್ಬಣದಿಂದ ಹೊಲಿದು ಮಾಡಿದ್ದೇ ಮೊದಲ ನೋಟ್‌ಬುಕ್ಕು. ಅದರ ಜೊತೆಗೆ ಒಂದು ನಿಯಮವನ್ನೂ ಕೊಟ್ಟ.

"ಕಂಡದ್ದನ್ನ ಬರಿ. ಇರಬಹುದು ಅನಿಸಿದ್ದನ್ನ ಬರೀಬ್ಯಾಡ. ಕಾಣಲಿಲ್ಲಂದ್ರ ಕಾಣಲಿಲ್ಲಂತ ಬರಿ. ಅದಕ್ಕೇನೂ ನಾಚಿಕಿಲ್ಲ."

ಜನವರಿಯ ಒಂದು ಸಂಜೆ, ನಾವು ಮೂವರೂ ನೆಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಾಗ, ಅವ್ವ ಶೇಂಗಾ ಚಟ್ನಿಯ ಡಬ್ಬಿಯ ಮುಚ್ಚಳವನ್ನು ಬಿಗಿಮಾಡುತ್ತ ಮಾತು ತೆಗೆದಳು.

"ಸಿಟ್ಟಾಗಬ್ಯಾಡ್ರಿ. ಇಕಿ ಪರೀಕ್ಷಾ ಮುಗದ ಮ್ಯಾಲ ನಾವಿಬ್ಬರೂ ಊರಿಗೆ ಹೋಗ್ತೀವಿ."

"ರಜಾಕ್ಕಲ್ಲ?"

"ಅಲ್ಲ. ಪೂರಾ."

"ಯಾಕ? ಏನ್ ಕಡಿಮಿ ಆಗೇತಿ?"

"ಏನೂ ಕಡಿಮಿ ಆಗಿಲ್ರಿ. ನೀವಿಬ್ಬರೂ ಹ್ವಾದ ಮ್ಯಾಲ ಮಧ್ಯಾಹ್ನದ ತನಕಾ ನಾ ಬಾಯಿ ತಗದಿರಾಂಗಿಲ್ಲ. ಮೊನ್ನೆ ಕುಕ್ಕರ್ ಸೀಟಿ ಹೊಡೀತು, ಅದಕ್ಕ 'ಬಂದೆ ತಡಿ' ಅಂದೆ. ನನ್ನ ದನಿ ನನಗ ಯಾರದೋ ಅನಿಸ್ತು."

ಗದಗಿನಲ್ಲಿ ಅವ್ವ ಹೊರಗಿನ ಕೋಣೆಯಲ್ಲಿ ಕೂತು ಜಂಪರ್ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದವರು, ಹೊಲಿದದ್ದು ಬಿಗಿಯಾಯಿತೆಂದು ಬಂದವರು, ಸುಮ್ಮನೆ ಬಂದವರು ಎಲ್ಲ ಸೇರಿ ದಿನವಿಡೀ ಮಾತು ನಡೆಯುತ್ತಿತ್ತು. ಇಲ್ಲಿ ಬಾಗಿಲು ತಟ್ಟುವವರೆಂದರೆ ನೀರಿನ ಕ್ಯಾನ್ ತರುವವನೊಬ್ಬನೇ. ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ. 'ಮಾರ್ಚ್ ತನಕಾ ನೋಡು. ಆಮ್ಯಾಲ ನೀ ಹೇಳಿದಂಗ' ಎಂದ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮೂವತ್ತು ದಿನದ ಅಪ್ಪ ಈಗಷ್ಟೇ ಮುನ್ನೂರೈವತ್ತು ದಿನದವನಾಗಿದ್ದ. ಅವನಿಗೆ 'ನೀ' ಅನ್ನುವುದನ್ನು ಈಗಷ್ಟೇ ಕಲಿತಿದ್ದೆ. ಆ ದಿನದ ಹಾಳೆಯಲ್ಲಿ ಬರೆದದ್ದು ಇಷ್ಟು: ರೊಟ್ಟಿ, ಅಪ್ಪ ಒಂದೂವರೆ, ಅವ್ವ ಒಂದು, ನಾನು ಎರಡು. ಅಪ್ಪ ದಿನವೂ ನಾಲ್ಕು ತಿನ್ನುತ್ತಿದ್ದ.

ಹಕ್ಕಿ ಬಂದದ್ದು ಅದಾದ ಹನ್ನೊಂದನೆಯ ದಿನ. ತಂತಿಗೆ ಸಿಕ್ಕಿಸಿದ ಕೆಂಪು ಕ್ಲಿಪ್ಪನ್ನು ಹೂವೆಂದುಕೊಂಡು ಒಂದು ಪುಟ್ಟ ಕಪ್ಪು ಹಕ್ಕಿ ಅದರ ಮುಂದೆ ರೆಕ್ಕೆ ಬಡಿಯುತ್ತ ನಿಂತಿತ್ತು. ಬಿಸಿಲು ಬಿದ್ದಾಗ ಕಪ್ಪು ನೇರಳೆಯಾಗುತ್ತಿತ್ತು, ನೀಲಿಯಾಗುತ್ತಿತ್ತು. ಕೊಕ್ಕು ಬಾಗಿದ ಸೂಜಿಯಂತೆ. ನನ್ನ ಇಂಗ್ಲಿಷ್ ಪುಸ್ತಕದಲ್ಲಿ ಹಮ್ಮಿಂಗ್‌ಬರ್ಡಿನ ಪಾಠವಿತ್ತು. ನಾನು ಷರಾದಲ್ಲಿ ಹಾಗೆಯೇ ಬರೆದೆ. ಮರುದಿನ ಕ್ಲಾಸಿನಲ್ಲಿ ಹೇಳಿದಾಗ ಟೀಚರ್ ಪಕ್ಕಕ್ಕೆ ಕರೆದು, ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ, ನೀನು ನೋಡಿದ್ದು ಸನ್‌ಬರ್ಡ್, ಇದು ಇಲ್ಲಿಯದೇ ಹಕ್ಕಿ ಎಂದರು. ನನಗೆ ಅವಮಾನವಾಯಿತು. ಮನೆಗೆ ಬಂದು 'ಹಮ್ಮಿಂಗ್‌ಬರ್ಡ್' ಎಂಬುದಕ್ಕೆ ಗೆರೆ ಹೊಡೆಯುತ್ತಿದ್ದಾಗ ಅವ್ವ ಬಗ್ಗಿ ನೋಡಿದಳು. ಅದೇ ಹೊತ್ತಿಗೆ ಹಕ್ಕಿಯೂ ಬಂತು.

"ಇದಾ? ಇದು ಸೂರಕ್ಕಿ. ನಮ್ಮ ಹಿತ್ತಲದಾಗ ದಾಸಾಳಕ್ಕ ಬರತಿತ್ತು. ನೀ ಸಣ್ಣಾಕಿದ್ದಿ, ನಿನಗ ನೆಪ್ಪಿಲ್ಲ. ಇಷ್ಟು ದೂರ ಯಾವಾಗ ಬಂತವ್ವ ಇದು?"

ಕೊನೆಯ ಮಾತು ನನಗಲ್ಲ, ಹಕ್ಕಿಗೆ. ಗಾಜಿನ ಬಾಗಿಲಿಗೆ ಹಣೆ ಒತ್ತಿ ಅವಳು ನೋಡುತ್ತಲೇ ಇದ್ದಳು. ಆಮೇಲೆ ಒಳಗೆ ಹೋಗಿ ಬೆಲ್ಲದ ಅಚ್ಚು ಒಡೆದಳು. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು ಕೊಟ್ಟು ಆಮೇಲೆ ಬಂದ ಕೆಲಸ ಕೇಳುವುದು. ಈ ಮನೆಗೆ ಬಂದ ಮೊದಲ ಅತಿಥಿ ಇದೇ ಆದ್ದರಿಂದ ಅದಕ್ಕೂ ಅದೇ ಮರ್ಯಾದೆ. ಬೆಲ್ಲವನ್ನು ನೀರಲ್ಲಿ ಕರಗಿಸಿ, ನನ್ನ ಕೆಮ್ಮಿನ ಔಷಧದ ಅಳತೆ ಮುಚ್ಚಳಕ್ಕೆ ಹೊಯ್ದು, ಹಬ್ಬದ ಸೀರೆಯ ಅಂಚಿನ ಕೆಂಪು ದಾರ ಸುತ್ತಿ ತಂತಿಗೆ ಕಟ್ಟಿದೆವು. ಮುಚ್ಚಳದಲ್ಲಿ ಹದಿನೈದು ಎಂಎಲ್‌ವರೆಗೆ ಗೆರೆಗಳಿದ್ದವು. ನನಗೆ ಅದಕ್ಕಿಂತ ಬೇರೆ ಸುಖ ಬೇಕಿರಲಿಲ್ಲ.

ಹಕ್ಕಿ ಒಮ್ಮೆ ಕೊಕ್ಕು ಅದ್ದಿ ಹೋಯಿತು, ಮತ್ತೆ ಮೂರು ದಿನ ಆ ಕಡೆ ಸುಳಿಯಲಿಲ್ಲ. ಬಂದದ್ದು ಇರುವೆ. ನೀರು ಎರಡನೇ ದಿನಕ್ಕೆ ಹುಳಿ ಬಂದು ನೊರೆ ಕಟ್ಟಿತು. ಅವ್ವ ಅದನ್ನು ಚೆಲ್ಲಿ ಮತ್ತಷ್ಟು ಗಟ್ಟಿ ಬೆಲ್ಲ ಕಲಸಿಟ್ಟಳು. ಇರುವೆಯ ಸಾಲು ನಮ್ಮ ತಂತಿಯಿಂದ ಗೋಡೆಗೆ, ಗೋಡೆಯ ಆಚೆ ಪಕ್ಕದ ಮನೆಯ ಬಾಲ್ಕನಿಗೆ, ಅಲ್ಲಿಂದ ಅವರ ಅಡುಗೆಮನೆಗೆ ಹೋಯಿತು. ನಾಲ್ಕನೇ ದಿನ, ಶನಿವಾರ, ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಜುಲೇಖಾ ಆಂಟಿ ನಿಂತಿದ್ದರು. ಭಟ್ಕಳದವರು, ಅವರ ಗಂಡನದು ದೇರಾ ಪೇಟೆಯಲ್ಲಿ ಬಟ್ಟೆ ವ್ಯಾಪಾರ. ನಾವು ಬಂದು ವರ್ಷವಾದರೂ ಲಿಫ್ಟಿನಲ್ಲಿ ನಕ್ಕದ್ದಷ್ಟೇ ಪರಿಚಯ. ಅವರ ಕೈಯಲ್ಲಿ ಸಕ್ಕರೆಯ ಡಬ್ಬವಿತ್ತು, ಅದರ ತುಂಬ ಇರುವೆ.

"ನೋಡಿ, ಇದು ನಿಮ್ಮ ಬಾಲ್ಕನಿಯಿಂದ ಬರುದು. ಎಂತ ಇಟ್ಟಿದ್ದೀರಿ ಅಲ್ಲಿ?"

ಅವ್ವ ತಬ್ಬಿಬ್ಬಾಗಿ, ತನಗೆ ಗೊತ್ತಿದ್ದದ್ದನ್ನು ಮಾಡಿದಳು.

"ಒಳಗ ಬರ್ರಿ. ಕುಂದರ್ರಿ ಮೊದಲ."

ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ತಂಬಿಗೆಯಲ್ಲಿ ನೀರು ಬಂತು. ಜಗಳಕ್ಕೆ ಬಂದ ಜುಲೇಖಾ ಆಂಟಿ ಬೆಲ್ಲವನ್ನು ನೋಡಿದರು, ಡಬ್ಬದ ಇರುವೆಯನ್ನು ನೋಡಿದರು, ಹೊಟ್ಟೆ ಹಿಡಿದು ನಕ್ಕರು.

"ಹಕ್ಕಿಗೂ ಇದೇ ಕೊಟ್ರಾ? ಅದಕ್ಕೆ ಬೆಲ್ಲ ಆಗುದಿಲ್ಲ ಮಾರಾಯ್ತಿ. ನನ್ನ ಅತ್ತಿಗೆ ವಿಲ್ಲಾದಲ್ಲಿ ಇಡ್ತಾಳೆ. ಬಿಳಿ ಸಕ್ಕರೆ ಒಂದು ಲೋಟ, ನೀರು ನಾಲ್ಕು ಲೋಟ. ಕುದಿಸಿ, ತಣಿಸಿ. ದಿನಾ ಬದಲಿಸ್ಬೇಕು. ಖಲಾಸ್."

"ಬಂದವರಿಗೆ ಬರೇ ಸಕ್ಕರಿ ನೀರು ಹೆಂಗ ಕೊಡೂದ್ರಿ?"

"ಬಂದವರು ಹಕ್ಕಿ. ಅವರಿಗೆ ಶುಗರ್ ಇಲ್ಲ."

ಅವತ್ತಿನಿಂದ ಸಕ್ಕರೆ ನೀರು. ಎರಡನೇ ದಿನವೇ ಹಕ್ಕಿ ಮರಳಿತು. ಅಪ್ಪ ಇದನ್ನು ಗೋದಾಮಿನ ಗಾಂಭೀರ್ಯದಿಂದ ತೆಗೆದುಕೊಂಡ. ಮುಚ್ಚಳದಲ್ಲಿ ಕಡಿಮೆಯಾದದ್ದೆಲ್ಲ ಹಕ್ಕಿ ಕುಡಿದದ್ದೇ ಎಂದು ಹೇಗೆ ಹೇಳುತ್ತೀ, ಬಿಸಿಲೂ ಕುಡಿಯುತ್ತದೆ ಎಂದ. ಹಾಗಾಗಿ ಎರಡನೆಯ ಮುಚ್ಚಳವೊಂದಕ್ಕೆ ಅಷ್ಟೇ ನೀರು ಹೊಯ್ದು, ಹಕ್ಕಿಗೆ ಸಿಗದಂತೆ ಚಹಾ ಸೋಸುವ ಜಾಲರಿ ಮುಚ್ಚಿ ಪಕ್ಕದಲ್ಲೇ ತೂಗುಹಾಕಿದೆವು. ಸಂಜೆ ಎರಡನ್ನೂ ನೋಡಿ, ಒಣಗಿದ್ದನ್ನು ಕಳೆದರೆ ಕುಡಿದದ್ದು ಉಳಿಯುತ್ತಿತ್ತು. ಸಾಮಾನ್ಯವಾಗಿ ಆರು ಎಂಎಲ್. ನಾನು ಶಾಲೆಯಿಂದ ಬಂದಮೇಲೆ ಮೂರರಿಂದ ಐದರವರೆಗೆ ಬಾಗಿಲ ಹಿಂದೆ ಕೂತು ಎಷ್ಟು ಸಲ ಬಂತೆಂದು ಗೀಟು ಹಾಕುತ್ತಿದ್ದೆ. ಬೆಳಗಿನ ಎಣಿಕೆ ಯಾರು ಮಾಡುವುದು ಎಂಬ ಪ್ರಶ್ನೆ ಬಂದಾಗ ಅವ್ವ ತಾನಾಗಿ ಒಪ್ಪಿಕೊಂಡಳು. ಅವಳಿಗೆ ಗೀಟು, ಗೆರೆ ಬೇಡ. ಒಂದು ಸ್ಟೀಲ್ ಲೋಟ, ಒಂದು ಮುಷ್ಟಿ ಹುಣಸೆ ಬೀಜ ಸಾಕು. ಹಕ್ಕಿ ಬಂದಾಗಲೆಲ್ಲ ಒಂದು ಬೀಜ ಲೋಟಕ್ಕೆ. ಎರಡೂಕಾಲಿಗೆ ನಾನು ಶಾಲೆಯ ಬಸ್ಸಿಳಿದು ಬಂದು, ಚೀಲ ಇಡುವುದಕ್ಕೂ ಮೊದಲು ಲೋಟವನ್ನು ಹಾಳೆಯ ಮೇಲೆ ಬೋರಲು ಹಾಕಿ ಎಣಿಸುತ್ತಿದ್ದೆ.

ಮೊದಲ ವಾರ ಐದು, ಏಳು, ಆರು, ಏಳು, ಎಂಟು. ಫೆಬ್ರವರಿಯ ಕೊನೆಗೆ ಹನ್ನೆರಡು, ಹದಿನಾಲ್ಕು. ಒಂದು ದಿನ ಹತ್ತೊಂಬತ್ತು. ಸಂಖ್ಯೆ ಏರಿದಷ್ಟೂ ನನಗೆ ಧೈರ್ಯ ಬರುತ್ತಿತ್ತು. ಅವ್ವನೂ ಬದಲಾಗಿದ್ದಳು. ರೊಟ್ಟಿ ಬಡಿಯುವಾಗ ಗುನುಗುತ್ತಿದ್ದಳು. 'ಇವತ್ತ ಹೆಣ್ಣಹಕ್ಕಿನೂ ಬಂದಿತ್ತು, ಬಣ್ಣ ಇಲ್ಲದಾಕಿ, ಆದ್ರ ಗಂಡನ್ನ ಓಡಿಸಿ ತಾ ಕುಡದಳು' ಎಂದು ಅಪ್ಪನಿಗೆ ಹೇಳುತ್ತಿದ್ದಳು. ನಾನು ಮನಸ್ಸಿನಲ್ಲೇ ಒಂದು ಸಮೀಕರಣ ಮಾಡಿಕೊಂಡಿದ್ದೆ: ಹಕ್ಕಿ ಹೆಚ್ಚು ಬಂದಷ್ಟೂ ಅವ್ವನಿಗೆ ಹೊತ್ತು ಹೋಗುತ್ತದೆ, ಹೊತ್ತು ಹೋದರೆ ಅವಳು ಊರಿಗೆ ಹೋಗುವುದಿಲ್ಲ. ಅದಕ್ಕಾಗಿ ದಾಸವಾಳದ ಒಣಗಿದ ಹೂವನ್ನು ಕಿತ್ತೆ, ಎಲೆಯ ಧೂಳು ಒರೆಸಿದೆ. ಲೋಳೆಸರ ಉದ್ದನೆಯ ಕಡ್ಡಿ ಎತ್ತಿ ಹಳದಿ ಹೂಬಿಟ್ಟ ದಿನ ಪರೀಕ್ಷೆಯ ಓದನ್ನೇ ಬಿಟ್ಟು ಅದರ ಮುಂದೆ ಕೂತೆ. ಒಂದೇ ಒಂದು ವಿಷಯ ಸರಿಹೊಂದುತ್ತಿರಲಿಲ್ಲ. ಆಗ ನಮಗೆ ವಾರದ ರಜೆ ಶುಕ್ರವಾರ. ಆ ದಿನ ಬೆಳಗಿನಿಂದ ನಾನೇ ಎಣಿಸುತ್ತಿದ್ದೆ. ಮಧ್ಯಾಹ್ನದವರೆಗೆ ಏಳು ದಾಟುತ್ತಿರಲಿಲ್ಲ. ನಾನು ಷರಾದಲ್ಲಿ ಬರೆದಿದ್ದೇನೆ: 'ಶುಕ್ರವಾರ ಹಕ್ಕಿ ಕಡಿಮೆ. ಅದಕ್ಕೂ ರಜೆ ಇರಬಹುದು.' ಅಪ್ಪ 'ಇರಬಹುದು' ಎಂಬುದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದ.

ಪರೀಕ್ಷೆಯ ವಾರದಲ್ಲಿ ಕಟ್ಟಡದ ನಾತೂರ್, ಅಂದರೆ ಕಾವಲುಗಾರ, ಲಿಫ್ಟಿನ ಪಕ್ಕ ಒಂದು ಚೀಟಿ ಅಂಟಿಸಿದ. ಹೊರಗೋಡೆಗೆ ಬಣ್ಣ ಬಳಿಯುತ್ತಾರೆ, ಮಂಗಳವಾರ ಬೆಳಗಿನಿಂದ ಸಂಜೆವರೆಗೆ ಬಾಲ್ಕನಿಯಲ್ಲಿ ಏನೂ ಇರಬಾರದು, ಬಾಗಿಲು ತೆರೆಯಬಾರದು ಎಂದು. ಆ ಬೆಳಗ್ಗೆ ಶಾಲೆಗೆ ಹೊರಡುವ ಮೊದಲು ಮುಚ್ಚಳ ಎರಡನ್ನೂ ಬಿಚ್ಚಿ ತೊಳೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟವಳು ನಾನೇ. ಕುಂಡಗಳನ್ನು ಅಪ್ಪ ಹಿಂದಿನ ದಿನವೇ ಒಳಗೆ ತಂದಿದ್ದ. ಗಾಜಿನ ಬಾಗಿಲಿನ ಹೊರಗಡೆ ಪೂರ್ತಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು, ಏನೂ ಕಾಣುತ್ತಿರಲಿಲ್ಲ. ಎರಡೂಕಾಲಿಗೆ ಮನೆಗೆ ಬಂದೆ. ಅವ್ವ ಅಡುಗೆಮನೆಯಲ್ಲಿ ಪಲ್ಲೆ ಒಗ್ಗರಣೆ ಹಾಕುತ್ತಿದ್ದಳು. ಲೋಟ ಎಂದಿನ ಜಾಗದಲ್ಲಿತ್ತು. ಅಭ್ಯಾಸಬಲದಿಂದ ಬೋರಲು ಹಾಕಿದೆ. ಹದಿನೇಳು ಬೀಜ.

ನಾನು ಎರಡು ಸಲ ಎಣಿಸಿದೆ. ಹದಿನೇಳೇ. ಹಾಲಿನ ನಡುವೆ ಕುಂಡಗಳಿದ್ದವು, ಕಟ್ಟೆಯ ಮೇಲೆ ಒಣಗಿದ ಮುಚ್ಚಳಗಳಿದ್ದವು, ಬಾಗಿಲಲ್ಲಿ ಪ್ಲಾಸ್ಟಿಕ್ ಇತ್ತು. ಅವ್ವನನ್ನು ಕೇಳದೆ ಬೀಜಗಳನ್ನು ಮತ್ತೆ ಲೋಟಕ್ಕೆ ತುಂಬಿದೆ. ಅವಳು ಸುಳ್ಳು ಹೇಳಿದಳೆಂಬ ಸಿಟ್ಟಲ್ಲ ಅದು. ಹಕ್ಕಿ ಬರುತ್ತಿಲ್ಲ, ಅವ್ವನ ಹೊತ್ತೂ ಹೋಗುತ್ತಿಲ್ಲ, ನನ್ನ ಸಮಾಧಾನಕ್ಕೆ ಬೀಜ ಹಾಕುತ್ತ ಟಿಕೆಟ್ಟಿನ ದಿನ ಕಾಯುತ್ತಿದ್ದಾಳೆ ಎಂಬ ಹೆದರಿಕೆ. ಚಪ್ಪಲಿ ಹಾಕಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದೆ.

"ಆಂಟಿ, ನಿಮ್ಮ ಬಾಲ್ಕನಿಗೆ ಸನ್‌ಬರ್ಡ್ ಬರ್ತದಾ? ಬೆಳಗ್ಗೆ?"

"ನಂಗೆಲ್ಲಿ ಪುರುಸೊತ್ತು ಮಗಾ ನೋಡ್ಲಿಕ್ಕೆ? ಹತ್ತು ಗಂಟೆಗೆ ನಿನ್ನಮ್ಮ ಬರ್ತಾಳೆ. ಒಂದೂವರೆವರೆಗೆ ಇಬ್ಬರದೂ ಬಾಯಿ ಮುಚ್ಚುದಿಲ್ಲ. ನೋಡು ಇದು, ನಾನು ಬಡಿದ ರೊಟ್ಟಿ."

ಅವರು ತೋರಿಸಿದ ರೊಟ್ಟಿ ಮೂರು ಕಡೆ ಹರಿದಿತ್ತು. ಅಡುಗೆಕಟ್ಟೆಯ ಮೇಲೆ ಜೋಳದ ಹಿಟ್ಟು ಚೆಲ್ಲಿತ್ತು. ಅವ್ವನ ಹಿಟ್ಟಿನ ಡಬ್ಬಿ ಅಲ್ಲಿತ್ತು, ಅವಳ ಎರಡನೆಯ ಏಪ್ರನ್ ಮೊಳೆಗೆ ನೇತಾಡುತ್ತಿತ್ತು. ಕಿಟಕಿಯ ಹತ್ತಿರ ಹಳೆಯ ಹೊಲಿಗೆ ಯಂತ್ರವೊಂದಿತ್ತು, ಅದರ ಸೂಜಿಯ ಕೆಳಗೆ ಅರ್ಧ ಹೊಲಿದ ಜಂಪರ್.

"ದಿನಾಲೂ ಬರ್ತಾಳಾ?"

"ಮತ್ತೆ? ಇರುವೆ ಬಂದ ದಿನದಿಂದ. ಮೊದಮೊದಲು ಐದು ನಿಮಿಷ, ಈಗ ಹೀಗೆ. ಯಾಕೆ, ನಿಂಗೆ ಹೇಳ್ಲಿಲ್ವಾ?"

ನಾನು ಮನೆಗೆ ಬಂದು ಸೋಫಾದ ಮೇಲೆ ಕೂತೆ. ನೋಟ್‌ಬುಕ್ಕನ್ನು ಮೊದಲಿನಿಂದ ನೋಡಿದೆ. ಐದು, ಏಳು ಎಂಬ ಮೊದಲ ವಾರದ ಅಂಕಿಗಳು ನಿಜವಾಗಿ ಎಣಿಸಿದವು. ಹನ್ನೆರಡು, ಹದಿನಾಲ್ಕು, ಹತ್ತೊಂಬತ್ತು ಎಂಬವು ಅವ್ವ ಮಧ್ಯಾಹ್ನ ಒಂದೂವರೆಗೆ ಓಡಿಬಂದು, ಮಗಳಿಗೆ ಬೇಜಾರಾಗಬಾರದೆಂದು ಮುಷ್ಟಿಯಿಂದ ಸುರಿದವು. ಮಾತು ಜಾಸ್ತಿಯಾಗಿ ತಡವಾದ ದಿನ ಮುಷ್ಟಿಯೂ ದೊಡ್ಡದು. ಇವತ್ತು ಆ ಅವಸರದಲ್ಲಿ ಬಾಲ್ಕನಿ ಬಂದ್ ಇದ್ದದ್ದೂ ಅವಳಿಗೆ ನೆನಪಾಗಿರಲಿಲ್ಲ. ಅಂಕಿ ಎಷ್ಟು ಸುಳ್ಳೋ ಅಷ್ಟು ಹೊತ್ತು ಅವಳು ನಗುತ್ತಿದ್ದಳು. ಅದನ್ನು ಯಾರಿಗೂ ಹೇಳದೆ ಇದ್ದದ್ದಕ್ಕೂ ಕಾರಣ ಹೊಳೆಯಿತು. ಇಲ್ಲಿ ಮಾತಾಡಲು ಯಾರೂ ಇಲ್ಲ, ಪೂರಾ ಹೋಗುತ್ತೇನೆ ಎಂದು ಗಂಡನ ಮುಂದೆ ಅಂದವಳು, ಹದಿನೈದು ದಿನಕ್ಕೇ 'ಸಿಕ್ಕರು' ಅನ್ನುವುದು ಹೇಗೆ?

ಆ ಮಂಗಳವಾರದ ಸಾಲಿನಲ್ಲಿ ಏನು ಬರೆಯಬೇಕೆಂದು ಮೂರು ದಿನ ಯೋಚಿಸಿದೆ. ಹದಿನೇಳು ಎಂದರೆ ಅಪ್ಪನ ನಿಯಮಕ್ಕೆ ದ್ರೋಹ. ಸೊನ್ನೆ ಎಂದರೆ ಅವ್ವ ಸಿಕ್ಕಿಬೀಳುತ್ತಾಳೆ. ಜಾಗ ಖಾಲಿ ಬಿಟ್ಟೆ. ಶುಕ್ರವಾರ ಊಟವಾದ ಮೇಲೆ ಅಪ್ಪ ಎಂದಿನಂತೆ ಹಾಳೆ ತಿರುವಿ ಹಾಕಿ ಖಾಲಿ ಜಾಗದ ಮೇಲೆ ಬೆರಳಿಟ್ಟ. ಅವ್ವ ತಟ್ಟೆ ಎತ್ತುತ್ತಿದ್ದವಳು ನಿಂತಳು.

"ಇದು ಯಾಕ ಖಾಲಿ?"

"ಬಾಲ್ಕನಿ ಬಂದ್ ಇತ್ತು," ಎಂದೆ.

"ಹೌದಲ್ಲ." ಅವನು ಹಿಂದಿನ ಹಾಳೆ ತೆಗೆದ. "ಇಲ್ನೋಡು. ಹಕ್ಕಿ ಐದು ಸಲ ಬಂದಾಗೂ ಕುಡದದ್ದು ಆರು. ಹತ್ತೊಂಬತ್ತು ಸಲ ಬಂದಾಗೂ ಆರು. ಪಾಪ, ಬಾಯಿ ಮುಟ್ಟಿಸಿ ಹೊಕ್ಕಾವೇನೋ."

ಅವನು ಎಣಿಸುವವನು. ಮೂರು ವಾರದಿಂದ ಅವನಿಗೆ ಗೊತ್ತಿತ್ತು. ಅವ್ವ ತಟ್ಟೆಗಳನ್ನು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು; ಮೊದಲು ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು.

"ಮಾರ್ಚ್ ಮುಗೀತು," ಎಂದ ಅಪ್ಪ, ಹಾಳೆಯಿಂದ ಕಣ್ಣೆತ್ತದೆ. ಅವನ ಬೆರಳು ಒಂದೇ ಅಂಕಿಯ ಮೇಲೆ ನಿಂತಿತ್ತು. "ಟಿಕೀಟು ತಗಸಲೇನು?"

ಅವ್ವ ತಟ್ಟೆಗಳನ್ನು ಒಂದರೊಳಗೊಂದು ಜೋಡಿಸಿದಳು, ನೀರಿನ ತಂಬಿಗೆಯನ್ನು ಸರಿಸಿದಳು.

"ಹೆಂಗ ಹೋಗೂದ್ರಿ? ಜುಲೇಖಾಗ ಇನ್ನೂ ರೊಟ್ಟಿ ಬಡಿಯಾಕ ಬರಾಂಗಿಲ್ಲ. ದಿನಾ ಹರೀತಾಳ. ಅರ್ಧಕ್ಕ ಬಿಟ್ಟ ಹೋಗಾಕ ಬರತೈತೇನು?"

"ಹಂಗಾರ ಕಲೀಲಿ."

"ಆಕಿ ಕೈ ನೋಡೀರಿ ಅಂದ್ರ, ವರ್ಷಾನುಗಟ್ಟಲೆ ಬೇಕು."

ಅಪ್ಪ 'ಹ್ಞೂಂ' ಎಂದು ಇನ್ನೊಂದು ರೊಟ್ಟಿ ಕೇಳಿದ. ಊಟ ಮುಗಿದಿತ್ತು, ಕೈಯೂ ತೊಳೆದಾಗಿತ್ತು, ಆದರೂ ಕೇಳಿದ.

ಹೊಸ ಕ್ಲಾಸಿನ ಮೊದಲ ದಿನ ನಾನು ಶಾಲೆಯಿಂದ ಬಂದಾಗ ಲೋಟ ಖಾಲಿ ಇತ್ತು. ಬೀಜಗಳು ಸಾರಿನ ಹುಣಸೆಯ ಡಬ್ಬಿಯ ಪಕ್ಕ ಒಂದು ಚೀಲದಲ್ಲಿದ್ದವು. ಅವ್ವ ಮನೆಯಲ್ಲಿರಲಿಲ್ಲ. ಗೋಡೆಯ ಆಚೆಯಿಂದ ರೊಟ್ಟಿ ಬಡಿಯುವ ಸದ್ದು, ತಾಳ ತಪ್ಪಿದ ಸದ್ದು, ಆಮೇಲೆ ಇಬ್ಬರೂ ನಕ್ಕದ್ದು ಕೇಳಿಸಿತು. ನಾನು ಎರಡು ಮುಚ್ಚಳಗಳ ಗೆರೆ ನೋಡಿದೆ. ಒಣಗಿದ್ದನ್ನು ಕಳೆದೆ, ಆರು ಎಂಎಲ್. ಬೆಳಗಿನ ಜಾಗದಲ್ಲಿ, ಕಂಡದ್ದನ್ನೇ ಬರೆಯಬೇಕೆಂಬ ನಿಯಮದಂತೆ, ಒಂದು ಸಾಲು ಬರೆದೆ. ಅದೇ ಸಾಲು ಮರುದಿನವೂ ಇದೆ, ಅದರ ಮರುದಿನವೂ ಇದೆ. ಬೇಸಿಗೆ ರಜೆ ಶುರುವಾಗುವವರೆಗೆ ಅರವತ್ತೆರಡು ಸಲ ಇದೆ, ಒಂದೇ ಕೈಬರಹದಲ್ಲಿ, ದಿನಕ್ಕೊಂದು:

'ಬೆಳಗ್ಗೆ ಎಣಿಸಲು ಮನೆಯಲ್ಲಿ ಯಾರೂ ಇರಲಿಲ್ಲ.'